ಕೂಗಲಿಲ್ಲ ಯಾಕೆ

ನಾನು ಆದವಾನಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರು. ಗಂಡ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದಾರೆ. ಒಬ್ಬಳೇ ಮಗಳು, ಬಿ.ಫಾರ್ಮಸಿ ಮುಗಿಸಿದ್ದಾಳೆ. ಗಂಡನ ಅಣ್ಣ, ಅಂದರೆ ನನ್ನ ಭಾವ, ನಂದವರಂನಲ್ಲಿ ಗುಡಿ ಪೂಜೆ ಮಾಡಿಕೊಂಡಿದ್ದಾರೆ. ಅವರ ಹೆಂಡತಿ ನನ್ನ ನೆಗೆಣ್ಣಿ. ನನಗಿಂತ ಆರು ವರ್ಷ ದೊಡ್ಡವಳು, ಅಕ್ಕಾ ಎಂದೇ ಕರೆಯುತ್ತೇನೆ. ಅವಳಿಗೂ ಒಬ್ಬ ಮಗಳು, ನನ್ನ ಮಗಳ ವಾರಿಗೆಯವಳೇ.

ನಾನು ಹೊಳೆಯಲ್ಲಿ ಮುಳುಗುವ ಹತ್ತು ದಿನ ಮೊದಲು ನನ್ನ ಮಗಳಿಗೆ ಬಂದಿದ್ದ ಸಂಬಂಧ ಮುರಿದುಬಿತ್ತು. ರಾಯಚೂರಿನ ಕಡೆಯ ಮನೆತನ. ಬಂದು ನೋಡಿ, ಉಪ್ಪಿಟ್ಟು ತಿಂದು, ಹುಡುಗಿ ಒಪ್ಪಿಗೆ ಎಂದು ಹೇಳಿ ಹೋಗಿದ್ದರು. ನಿಶ್ಚಯಕ್ಕೆ ದಿನ ಕೂಡ ನೋಡಿಯಾಗಿತ್ತು. ಆಮೇಲೆ ಒಂದು ಫೋನು. "ಯೋಗ ಕೂಡಿ ಬರಲಿಲ್ಲರಿ, ತಪ್ಪು ತಿಳೀಬ್ಯಾಡ್ರಿ." ಕಾರಣ ಕೇಳಿದರೆ ಹೇಳಲಿಲ್ಲ. ಆರನೆಯ ದಿನ ಬಳಗದವರೊಬ್ಬರ ಬಾಯಿಂದ ತಿಳಿಯಿತು, ಅದೇ ಮನೆಯವರು ನನ್ನ ನೆಗೆಣ್ಣಿಯ ಮಗಳ ಜಾತಕ ಕೇಳಿ ಕಳಿಸಿದ್ದಾರೆ ಎಂದು.

ನನ್ನ ತಲೆಯಲ್ಲಿ ಎರಡೂ ಎರಡೂ ನಾಲ್ಕಾಯಿತು. ನನ್ನ ಮಗಳಿಗೆ ಚಳಿಗಾಲದಲ್ಲಿ ಸ್ವಲ್ಪ ದಮ್ಮು ಬರುತ್ತದೆ. ಅದು ಮನೆಯೊಳಗಿನವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಗೊತ್ತಿರುವವರಲ್ಲಿ ಲಾಭ ಯಾರಿಗೆ? ಅಕ್ಕನಿಗೆ ಫೋನು ಮಾಡಿ ಕೇಳಲಿಲ್ಲ. ಕೇಳದೆ ಮನಸ್ಸಿನಲ್ಲೇ ಅರೆದುಕೊಂಡೆ. ಒಂದು ಸಂಜೆ ಗಂಡನ ಮುಂದೆ ಅಳುತ್ತ ಬಾಯಿಗೆ ಬಂದಂತೆ ಅಂದುಬಿಟ್ಟೆ: "ಹಿಂಗ ಬದುಕೋದಕ್ಕಿಂತ ಹೊಳಿನೋ ಬಾವಿನೋ ನೋಡ್ಕೊಳ್ಳೋದು ಚಲೋರಿ." ನಮ್ಮಲ್ಲಿ ಹೆಂಗಸರು ಹಾಲು ಒಡೆದುಹೋದರೂ ಆಡುವ ಮಾತು ಅದು. ಅವರು ಪೇಪರ್ ಓದುತ್ತಿದ್ದರು. ಕೇಳಿಸಿಕೊಂಡಂತೆಯೂ ಕಾಣಲಿಲ್ಲ.

ಪ್ರತಿ ವರ್ಷ ಕಾರ್ತಿಕದಲ್ಲಿ ಎರಡೂ ಮನೆಯವರು ಕೂಡಿ ತುಂಗಭದ್ರೆಗೆ ಸ್ನಾನಕ್ಕೆ ಹೋಗುವುದು ರೂಢಿ. ಆ ವರ್ಷ ಬೇಡವೆನ್ನಲು ನನಗೆ ನೆಪ ಸಿಗಲಿಲ್ಲ. ಹಿಂದಿನ ದಿನವೇ ನಂದವರಂಗೆ ಹೋಗಿ ಉಳಿದು, ಬೆಳಿಗ್ಗೆ ಒಂದು ಆಟೋ ಮಾಡಿಕೊಂಡು ನಾಗಲದಿನ್ನೆ ಕಡೆ ಹೊಳೆದಂಡೆಗೆ ಬಂದೆವು. ನಾನು, ಅಕ್ಕ, ನನ್ನ ಗಂಡ, ಭಾವ. ನಾಲ್ಕೇ ಜನ. ದಾರಿಯುದ್ದಕ್ಕೂ ಅಕ್ಕ ಅದೂ ಇದೂ ಮಾತಾಡಿದಳು, ಸಂಬಂಧದ ಸುದ್ದಿ ಮಾತ್ರ ಎತ್ತಲಿಲ್ಲ. ಎತ್ತದಿದ್ದುದರಿಂದಲೇ ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಬಿಸಿಲು ಆಗಲೇ ಏರಿತ್ತು. ನಾವು ಯಾವತ್ತೂ ಇಳಿಯುವ ಜಾಗದಲ್ಲಿ ಒಬ್ಬ ಹೆಂಗಸು ಬಲೆ ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ಹರಗೋಲು ಬೋರಲು ಬಿದ್ದಿತ್ತು. ಮೊದಲು ಇಳಿದು ಹೋದ ಭಾವನ ಹತ್ತಿರ ಅವಳು ಏನೋ ಹೇಳಿದಳು. ಭಾವ ಕೈ ಬೀಸಿ ಮುಂದೆ ಹೋದರು. ಗಂಡಸರು ಇಬ್ಬರೂ ಸ್ವಲ್ಪ ಕೆಳಗೆ, ಬಂಡೆಗಳ ಆಚೆ ಹೋದರು. ನಾವಿಬ್ಬರು ಹೆಂಗಸರು ಈಚೆ ಇಳಿದೆವು.

ನೀರು ಮೊಣಕಾಲು ಮಟ್ಟ. ಕಾಲಡಿಯ ಉಸುಕು ಮೆತ್ತಗಿತ್ತು. ಅಕ್ಕ ನನ್ನ ಹಿಂದೆ ಇದ್ದಳು. ನಾನು ಅವಳ ಮುಖ ನೋಡಬಾರದು ಅಂತಲೇ ಮುಂದೆ ಮುಂದೆ ಹೋದೆ. ತೊಡೆಯವರೆಗೆ ನೀರು ಬಂತು. ಆಮೇಲೆ ನನಗೆ ನೆನಪಿರುವುದು ಬೆನ್ನಿನ ಮೇಲೆ ಒಂದು ಕೈ. ಸೊಂಟದಿಂದ ನಾಲ್ಕು ಬೆರಳು ಮೇಲೆ, ಐದೂ ಬೆರಳು ಬಿಚ್ಚಿದ ಕೈ, ಜೋರಾಗಿ ತಾಗಿತು. ಕಾಲ ಕೆಳಗೆ ನೆಲ ಇರಲಿಲ್ಲ.

ಮುಳುಗುವುದು ನಾನು ಸಿನಿಮಾದಲ್ಲಿ ನೋಡಿದ ಹಾಗೆ ಇರಲಿಲ್ಲ. ಕೈ ಎತ್ತಿ ಬೀಸಲು ಆಗಲಿಲ್ಲ. ಕೈಗಳು ತಾವಾಗಿಯೇ ಎರಡೂ ಪಕ್ಕಕ್ಕೆ ಚಾಚಿ, ಏಣಿ ಹತ್ತುವವರ ಹಾಗೆ ನೀರನ್ನು ಕೆಳಗೆ ಒತ್ತುತ್ತಿದ್ದವು. ಬಾಯಿ ಮೇಲೆ ಬಂತು, ಆಕಾಶ ಕಂಡಿತು, ಉಸಿರು ಎಳೆಯುವಷ್ಟರಲ್ಲಿ ಮತ್ತೆ ನೀರು. ಮತ್ತೊಮ್ಮೆ ಮೇಲೆ. ದಂಡೆಯ ಮೇಲಿನ ಜಾಲಿಗಿಡ ಸ್ಪಷ್ಟವಾಗಿ ಕಂಡಿತು. ಸೀರೆ ಕಾಲಿಗೆ ಸುತ್ತಿಕೊಂಡಿತು. ಗಂಟಲು ತಾನೇ ಬಿಗಿದುಕೊಂಡಿತು. ಇಷ್ಟೂ ಹೊತ್ತು ನನ್ನ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಮುಂದಿನದು ನನಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ನಾನು ಬಲ ಮಗ್ಗುಲಾಗಿ ಉಸುಕಿನ ಮೇಲೆ ಮಲಗಿದ್ದೆ. ಬಾಯಿಂದ ಮೂಗಿಂದ ನೀರು, ಬೆಳಿಗ್ಗೆ ಕುಡಿದ ಕಾಫಿ ಎಲ್ಲ ಹೊರಗೆ ಬರುತ್ತಿತ್ತು. ಬಲೆಯ ಹೆಂಗಸು ನನ್ನ ತಲೆ ಹಿಡಿದುಕೊಂಡಿದ್ದಳು. ಸುತ್ತ ಏಳೆಂಟು ಜನ ಸೇರಿದ್ದರು. ಒಬ್ಬರು "ಬೋರಲು ಹಾಕಿ ಹೊಟ್ಟಿ ಒತ್ರಿ, ಇನ್ನೂ ನೀರೈತಿ" ಅನ್ನುತ್ತಿದ್ದರು. ಇನ್ನೊಬ್ಬರು ಕಾಲು ಹಿಡಿದು ತಿರುಗಿಸಬೇಕು ಅನ್ನುತ್ತಿದ್ದರು. ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ.

"ಹೊಟ್ಟಿ ಒತ್ತಬ್ಯಾಡ್ರಿ! ಒತ್ತಿದರ ಹೊಟ್ಟಿಯಾಗಿಂದು ಶ್ವಾಸಕ್ಕ ಹೋಗ್ತೈತಿ. ಜರಗಂಡಿ, ಜರಗಂಡಿ, ಸರೀರಿ ಆ ಕಡೆ, ಗಾಳಿ ಬಿಡ್ರಿ" ಎಂದು ತೆಲುಗು ಕನ್ನಡ ಕೂಡಿಸಿ ಬೈದಳು. ಮತ್ತೆ ನನ್ನ ಗಂಡನ ಕಡೆ ತಿರುಗಿ, "ನಿಮ್ಮ ಧೋತರ ಒಣಗೈತೇನು? ಕೊಡ್ರಿ, ಆಕಿಗೆ ಹೊದಿಸ್ರಿ. ಚಳಿ ಹಿಡದೈತಿ" ಎಂದಳು.

ನನಗೆ ಉಸಿರೇ ಇರಲಿಲ್ಲವಂತೆ. ಅವಳು ನನ್ನ ಗದ್ದ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಐದು ಸಲ ಊದಿದಳಂತೆ. ಐದನೆಯ ಸಲಕ್ಕೆ ನಾನು ಕೆಮ್ಮಿದೆನಂತೆ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಹುಡುಕಿದ್ದು ಅಕ್ಕನ ಮುಖ. ಅವಳು ದೂರದಲ್ಲಿ ಒದ್ದೆ ಸೀರೆಯಲ್ಲಿ, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಕಣ್ಣು ತಿರುಗಿಸಿದಳು.

ಗಂಡ ನನ್ನ ಪಕ್ಕ ಕೂತು ಕೇಳಿದ ಮೊದಲ ಮಾತು: "ಕೂಗಲಿಲ್ಲ ಯಾಕ?"

ಉತ್ತರ ಹೇಳಲು ನನಗೆ ದನಿ ಇರಲಿಲ್ಲ. ತಲೆ ಅಲ್ಲಾಡಿಸಿದೆ. ಅವರು ಅದನ್ನು ಏನೆಂದು ಅರ್ಥ ಮಾಡಿಕೊಂಡರೋ.

ಬಲೆಯ ಹೆಂಗಸು ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು ಎಂದು ಎರಡು ಸಲ ಹೇಳಿದಳು. "ಎದ್ದು ಕುಂತಾಳ ಅಂತ ನಂಬಬ್ಯಾಡ್ರಿ. ನೀರು ಎದಿಯಾಗ ಕುಂತಿರ್ತೈತಿ. ಸಂಜಿ ಮುಂದ ಆಟ ತೋರಸ್ತೈತಿ." ಅವಳು ಯಾಕಿಷ್ಟು ಒತ್ತಾಯ ಮಾಡುತ್ತಾಳೆ, ಆಸ್ಪತ್ರೆಯವರ ಕಡೆಯವಳೇನು, ಎಂದು ಭಾವ ಗಂಡನ ಕಿವಿಯಲ್ಲಿ ಅಂದದ್ದು ನನಗೆ ಕೇಳಿಸಿತು. ನಾನೂ ಮನೆಗೆ ಹೋಗೋಣ ಎಂದೆ. ಮನೆಯಲ್ಲಿ ಮಗಳಿದ್ದಾಳೆ, ಅದೊಂದೇ ನನಗೆ ಬೇಕಾಗಿದ್ದದ್ದು. ಆಸ್ಪತ್ರೆ ಬಿಟ್ಟು ಎಮ್ಮಿಗನೂರಿನ ಮೇಲಿಂದ ಆದವಾನಿಗೆ ನೇರವಾಗಿ ಬಂದೆವು.

ಮಧ್ಯಾಹ್ನ ಮೂರರ ಹೊತ್ತಿಗೆ ಕೆಮ್ಮು ಶುರುವಾಯಿತು. ಮೊದಲು ಒಣ ಕೆಮ್ಮು. ಆಮೇಲೆ ಮಾತಾಡಲು ಎರಡು ಶಬ್ದಕ್ಕೊಮ್ಮೆ ನಿಲ್ಲಬೇಕಾಯಿತು. ಮಗಳು ಬಂದು ನನ್ನ ತುಟಿ ನೋಡಿದಳು, ಉಗುರು ನೋಡಿದಳು. "ಅಪ್ಪಾ, ಬಣ್ಣ ಬದಲಾಗ್ಯಾವು. ಆಟೋ ಕರೀರಿ" ಅಂದಳು. ತಾನು ಚಿಕ್ಕಂದಿನಿಂದ ದಮ್ಮು ಅನುಭವಿಸಿದ ಹುಡುಗಿ, ಉಸಿರು ಕಟ್ಟುವುದು ಹೇಗೆ ಕಾಣುತ್ತದೆ ಎಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ಪು ಹಾಕಿದ ಕೂಡಲೇ ನರ್ಸು ಓಡಿದಳು. ಮುಖಕ್ಕೆ ಆಕ್ಸಿಜನ್ ಬಂತು. ಎಕ್ಸ್‌ರೇ ತೆಗೆದರು. ಎದೆಯ ಕೆಳಭಾಗದಲ್ಲಿ ಎರಡೂ ಕಡೆ ಮಂಜು ಮುಸುಕಿದಂತೆ ಬಿಳುಪು. ಲೇಡಿ ಡಾಕ್ಟರು ನನ್ನ ಗಂಡನಿಗೆ ತೆಲುಗಿನಲ್ಲಿ ಕೇಳಿದರು, ಬೆಳಿಗ್ಗೆ ಮುಳುಗಿದವಳನ್ನು ಈಗ ಕರಕೊಂಡು ಬರುತ್ತೀರಾ ಎಂದು.

ಆಮೇಲೆ ಡಾಕ್ಟರು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದುಕೊಂಡು ಕೂತರು. ಪ್ರಶ್ನೆ ಮೆತ್ತಗಿತ್ತು.

"ಟೀಚರ್, ಕಾಲು ಜಾರಿತಾ, ನೀವಾಗೇ ಹೋದಿರಾ?"

ನಾನು ಕಣ್ಣು ಅಗಲ ಮಾಡಿದೆ.

"ಮನೆಯವರು ಹೇಳಿದರು. ಹೋದ ವಾರ ಹೊಳೆ, ಬಾವಿ ಅಂತ ಮಾತಾಡಿದ್ದಿರಂತೆ. ನೀರಲ್ಲಿ ಒಂದು ಸಲವೂ ಕೂಗಲಿಲ್ಲವಂತೆ."

ಪೇಪರಿನ ಹಿಂದೆ ಕೂತಿದ್ದ ಗಂಡ ಎಲ್ಲ ಕೇಳಿಸಿಕೊಂಡಿದ್ದರು ಎಂದು ಆಗ ತಿಳಿಯಿತು. ನಾನು ಮಾಸ್ಕಿನೊಳಗಿಂದಲೇ "ಬಾಯಿ ಬರಲಿಲ್ಲ" ಎಂದೆ.

ಡಾಕ್ಟರು ಅಂದರು, "ಅದು ನಿಜ ಇರಬಹುದು. ಮುಳುಗುವವರು ಬಹಳ ಮಂದಿ ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬರೋದೇ ಕ್ಷಣಹೊತ್ತು. ಅಷ್ಟರಲ್ಲಿ ಉಸಿರು ಎಳೀಬೇಕೋ, ಕೂಗಬೇಕೋ? ದೇಹ ಉಸಿರನ್ನೇ ಆರಿಸಿಕೊಳ್ಳುತ್ತೆ. ಪಕ್ಕದಲ್ಲಿ ನಿಂತವರಿಗೆ ಆಟ ಆಡುತ್ತಿದ್ದಾರೆ ಅನ್ನಿಸುತ್ತೆ." ಕುರ್ಚಿಯಿಂದ ಎದ್ದು, "ಆದರೂ ಅನುಮಾನ ಇದ್ದಾಗ ನಾವು ಪೊಲೀಸರಿಗೆ ತಿಳಿಸಬೇಕಾಗುತ್ತೆ" ಎಂದರು.

ಮರುದಿನ ಬೆಳಿಗ್ಗೆ ಮಹಿಳಾ ಕಾನ್‌ಸ್ಟೇಬಲ್ ಒಬ್ಬಳು ಬಂದಳು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಹೆಸರು, ಗಂಡನ ಹೆಸರು ಬರೆದುಕೊಂಡು, ಮನೆಯಲ್ಲಿ ಜಗಳ ಉಂಟಾ ಎಂದು ಕೇಳಿದಳು. ಇಲ್ಲ ಎಂದೆ. ನೀವಾಗಿ ಹಾರಿದಿರಾ ಎಂದಳು. ಇಲ್ಲ ಎಂದೆ. ಆಮೇಲೆ ಪೆನ್ನು ನಿಲ್ಲಿಸಿ, "ಮತ್ತೆ ಯಾರಾದರೂ ತಳ್ಳಿದರಾ ಮೇಡಂ?" ಎಂದಳು.

ನನ್ನ ಬೆನ್ನಿನ ಮೇಲೆ ಆ ಕೈ ಇನ್ನೂ ಇತ್ತು. ಐದೂ ಬೆರಳು ಎಣಿಸಬಹುದಾಗಿತ್ತು. ಇಲ್ಲ ಎಂದು ಹೇಳಬಹುದಿತ್ತು, ಹೌದು ಎಂದೂ ಹೇಳಬಹುದಿತ್ತು. ನಾನು ಹೇಳಿದ್ದು, "ನೆನಪಿಲ್ಲ. ಹಿಂದೆ ನಮ್ಮ ಅಕ್ಕ ಇದ್ದಳು."

ಅಷ್ಟೇ. ಅವಳು ಬರೆದುಕೊಂಡಳು. ಆ ಎರಡು ವಾಕ್ಯ ಒಂದರ ಪಕ್ಕ ಒಂದು ಕೂತಾಗ ಏನು ಅರ್ಥ ಕೊಡುತ್ತವೆ ಎಂದು ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟ ನನಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕನೆಯ ದಿನ ಮನೆಗೆ ಬಂದೆ. ಮನೆ ಬೇರೆಯದೇ ಆಗಿತ್ತು. ಬಚ್ಚಲುಮನೆಯ ಒಳಚಿಲಕ ಬಿಚ್ಚಿ ಹಾಕಿದ್ದರು. ಮಾಳಿಗೆ ಬಾಗಿಲಿಗೆ ಬೀಗ. ಅಂಗಳದಲ್ಲಿ ನೀರು ತುಂಬಿಡುವ ಸಂಪಿನ ಮೇಲೆ ಎಷ್ಟೋ ವರ್ಷದಿಂದ ಬರೀ ತಗಡು ಇತ್ತು. ಓಣಿಯ ಸಣ್ಣ ಮಕ್ಕಳು ಅದರ ಮೇಲೇ ಕುಣಿಯುತ್ತಿದ್ದರು, ಗಟ್ಟಿ ಮುಚ್ಚಳ ಹಾಕಿಸಿರಿ ಎಂದು ನಾನು ಹೇಳಿ ಹೇಳಿ ಸಾಕಾಗಿತ್ತು. ಈಗ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ. ಮಕ್ಕಳಿಗಾಗಿ ಆಗದ ಕೆಲಸ ನನ್ನ ಮೇಲಿನ ಅನುಮಾನದಿಂದ ಎರಡು ದಿನದಲ್ಲಿ ಆಗಿತ್ತು.

ಗಂಡ ಏನೂ ಕೇಳುತ್ತಿರಲಿಲ್ಲ. ನಾನು ಎದ್ದರೆ ಏಳುತ್ತಿದ್ದರು, ಹಿತ್ತಲಿಗೆ ಹೋದರೆ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಗಳು ನನ್ನ ಮಾತ್ರೆಗಳನ್ನು ತಾನೇ ಎಣಿಸಿ ಕೊಡತೊಡಗಿದಳು. ಒಂದು ದಿನ ಅವಳಿಗೆ ಕೇಳಿಯೇಬಿಟ್ಟೆ, "ನೀನೂ ನಂಬಿಯೇನು?"

"ನಂಬಿಲ್ಲಮ್ಮ" ಎಂದಳು. ಮಾತ್ರೆಯ ಡಬ್ಬಿ ಮಾತ್ರ ತನ್ನ ಕೋಣೆಗೆ ಒಯ್ದಳು.

ನಾನು ಅವರನ್ನು ಬೈಯುವ ಹಾಗೂ ಇರಲಿಲ್ಲ. ನಾನೂ ಅದೇ ಕೆಲಸ ಮಾಡುತ್ತಿದ್ದೆ. ಅಕ್ಕ ನನ್ನನ್ನು ನೋಡಲು ಆಸ್ಪತ್ರೆಗೆ ಬರಲಿಲ್ಲ. ಬರಲಿಲ್ಲ ಎಂದರೆ ತಪ್ಪು ಮಾಡಿದ್ದಾಳೆ. ಫೋನು ಮಾಡಿ ಗಂಡನ ಹತ್ತಿರ ವಿಚಾರಿಸಿದಳಂತೆ. ವಿಚಾರಿಸಿದಳು ಎಂದರೆ ನಾನು ಏನು ಹೇಳಿದ್ದೇನೆ ಎಂದು ತಿಳಿದುಕೊಳ್ಳಲು. ಅವಳು ಏನು ಮಾಡಿದರೂ ನನ್ನ ಲೆಕ್ಕಕ್ಕೇ ಬರುತ್ತಿತ್ತು. ದಂಡೆಯ ಮೇಲೆ ಕೈ ಮುಚ್ಚಿಕೊಂಡು ಕೂತದ್ದು ಪದೇ ಪದೇ ಕಣ್ಣಿಗೆ ಕಟ್ಟುತ್ತಿತ್ತು. ಸಂಬಂಧ ಕೆಡಿಸಿದವಳಿಗೆ ನೀರಿಗೆ ತಳ್ಳುವುದು ಎಷ್ಟರ ಮಾತು ಎಂದು ಒಂದು ಮನಸ್ಸು. ಮೂವತ್ತು ವರ್ಷ ನನ್ನ ಬಾಣಂತನ, ಮಗಳ ದಮ್ಮು ಎಲ್ಲದಕ್ಕೂ ಓಡಿಬಂದವಳು ಹಾಗೆ ಮಾಡಿಯಾಳೇ ಎಂದು ಇನ್ನೊಂದು.

ಇಪ್ಪತ್ತು ದಿನವಾದ ಮೇಲೆ, ಉಸಿರು ಸರಿಯಾದ ಮೇಲೆ, ಬಲೆಯ ಹೆಂಗಸಿಗೆ ಒಂದು ಸೀರೆ ಕೊಟ್ಟು ಬರಬೇಕು ಎಂದು ಹಟ ಹಿಡಿದೆ. ನಿಜವಾಗಿ ನನಗೆ ಬೇಕಾಗಿದ್ದದ್ದು ಸಾಕ್ಷಿ. ಹೊಳೆಯ ಹೆಸರು ಕೇಳುತ್ತಲೇ ಗಂಡನ ಮುಖ ಬಿಳುಚಿತು. ಮಗಳು ಜೊತೆಗೆ ಬಂದಳು. ದಂಡೆಯ ಮೇಲೆ ಇಳಿಯುವಾಗ ಅವಳು ನನ್ನ ಮೊಣಕೈ ಬಿಡಲಿಲ್ಲ.

ಆ ಹೆಂಗಸು ಹರಗೋಲಿಗೆ ಡಾಂಬರು ಬಳಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ಬಂದು ಮೊದಲು ನನ್ನ ಎದೆಯ ಮೇಲೆ ಕೈಯಿಟ್ಟು ಉಸಿರಾಡಲು ಹೇಳಿದಳು. ಸೀರೆ ತೆಗೆದುಕೊಂಡಳು. ಉಸಿರು ಊದುವುದು ಎಲ್ಲಿ ಕಲಿತೆ ಎಂದು ಮಗಳು ಕೇಳಿದಳು. ಹಿಂದೊಮ್ಮೆ ಯಾರೋ ಬಂದು ಹರಗೋಲಿನವರನ್ನೆಲ್ಲ ಕೂಡಿಸಿ ರಬ್ಬರ್ ಗೊಂಬೆಯ ಮೇಲೆ ಕಲಿಸಿದ್ದರಂತೆ. "ಗಂಡಸರು ನಗ್ತಾ ನಿಂತ್ರು. ನಾ ಕಲ್ತೆ" ಎಂದಳು.

ಆಮೇಲೆ ನಾನು ಕೇಳಿದೆ. "ಅವತ್ತು ನನ್ನ ಹಿಂದೆ ಇದ್ದಾಕಿ ಏನ್ ಮಾಡಿದಳು, ನೀ ನೋಡಿದ್ಯಾ?"

"ಆ ಪೆದ್ದಮ್ಮನಾ, ಆ ದೊಡ್ಡಾಕಿನಾ?" ಎಂದು ಅವಳು ಹಣೆಗೆ ಕೈ ಹಚ್ಚಿಕೊಂಡಳು. "ಆಕಿ ದೆಸೆಯಿಂದ ನಾ ಇಬ್ಬರ ಹೆಣ ಎತ್ತಬೇಕಾಗಿತ್ತಮ್ಮ. ನೀ ಸಣ್ಣಗೆ ಕೆಳಗ ಹೋದಿ. ಆಕಿ ಕೈ ಚಾಚಿ ಹಾರಿ ನಿನ್ನ ಬೆನ್ನಿಗೆ ಹಾಕಿದಳು. ಸೀರಿ ಸಿಕ್ಕಿತು. ಹಿಡಕೊಂಡು ಜಗ್ಗಿದಳು. ಈಜು ಬರಾಂಗಿಲ್ಲ, ಏನಿಲ್ಲ, ತಾನೂ ಗುಂಡಿಯಾಗ ಇಳಿದಳು. ನೀ ಆಕಿ ಕುತ್ತಿಗಿ ಹಿಡಿದು ಒಳಗ ಒತ್ತಾಕತ್ತಿದ್ದಿ. ಮುಳುಗೋರು ಹಂಗೇ, ಏನು ಸಿಕ್ಕರೂ ಅದರ ಮ್ಯಾಲ ಏರ್ತಾರ. ನಾ ರಾವದ್ದು, ರಾವದ್ದು, ಮುಂದ ಬರಬ್ಯಾಡ ಅಂತ ಬಾಯಿ ಬಡಕೊಂಡೆ. ಆಕಿ ಸೀರಿ ಬಿಡವಲ್ಲಳು. ಗಳ ಚಾಚಿದೆ. ಒಂದು ಕೈಲೆ ಗಳ ಹಿಡಿದಳು, ಒಂದು ಕೈಲೆ ನಿನ್ನ. ಬಳಿ ಒಡದು ಮುಂಗೈ ಎಲ್ಲ ರಕ್ತ."

"ಕೈ ಮೊದಲು ಬಿತ್ತೋ, ನಾನು ಮೊದಲು ಹೋದೆನೋ?" ಎಂದು ಮತ್ತೆ ಕೇಳಿದೆ. ಅಷ್ಟಾದರೂ ನನ್ನ ಅನುಮಾನ ಬಿಟ್ಟಿರಲಿಲ್ಲ.

ಅವಳಿಗೆ ಸಿಟ್ಟು ಬಂತು. ಗಳ ಎತ್ತಿಕೊಂಡು ನೀರಿಗೆ ಇಳಿದಳು. ನಾವು ಇಳಿದ ಜಾಗದಲ್ಲೇ ಹತ್ತು ಹೆಜ್ಜೆ ನಡೆದಳು. ತೊಡೆಮಟ್ಟ ನೀರು. ಗಳವನ್ನು ಪಾದದ ಪಕ್ಕ ಊರಿ ತೋರಿಸಿದಳು. ಆಮೇಲೆ ಒಂದು ಮೊಳ ಮುಂದೆ ಊರಿದಳು. ಎರಡು ಆಳೆತ್ತರದ ಗಳ ಹಿಡಿಯುವ ತುದಿ ಬಿಟ್ಟು ಪೂರ್ತಿ ಒಳಗೆ ಹೋಯಿತು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಯಾರು ಯಾರೋ ಯಂತ್ರ ತಂದು ಉಸುಕು ತೆಗೆದುಕೊಂಡು ಹೋಗಿದ್ದರು. ಮಳೆಗೆ ನೀರು ಬಂದು ಗುಂಡಿ ಮುಚ್ಚಿಕೊಂಡಿತ್ತು. ಮೇಲಿನಿಂದ ನೋಡಿದರೆ ಎಲ್ಲ ಒಂದೇ ನೀರು.

ಅವಳು ದಂಡೆಗೆ ಬಂದು ಗಳ ಒರಗಿಸಿ ಹೇಳಿದಳು, "ನಾ ಅವತ್ತು ನಿಮ್ಮ ಅಯ್ಯಗಾರಿಗೆ ಹೇಳಿದ್ದೆ. ಅಟು ಪೋವದ್ದಯ್ಯಾ, ಗುಂತ ಉಂದಿ ಅಂತ. ಆ ಕಡೆ ಹೋಗಬ್ಯಾಡ್ರಿ, ಗುಂಡಿ ಐತಿ ಅಂತ. ಅವರು ಕೇಳಲಿಲ್ಲ. ನನ್ನ ಹರಗೋಲಿನಾಗ ಕುಂದರ್ಲಿ ಅಂತ ಹೇಳ್ತೀನಿ ಅಂದ್ಕೊಂಡ್ರೋ ಏನೋ."

ಅಲ್ಲಿಂದ ಮಗಳನ್ನು ಕರೆದುಕೊಂಡು ನಂದವರಂಗೆ ಹೋದೆ. ಅಕ್ಕ ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದಳು. ಬಲ ಮುಂಗೈಯಲ್ಲಿ ಗಾಯ ಮಾಗಿ ಕೆಂಪಗೆ ಎರಡು ಗೆರೆ ಉಳಿದಿದ್ದವು. ಬಳೆ ಹಾಕಿರಲಿಲ್ಲ. ನನ್ನನ್ನು ನೋಡಿ ಒಳಗೆ ಬಾ ಎನ್ನಲಿಲ್ಲ.

"ಪೊಲೀಸರು ಇಲ್ಲಿಗೂ ಬಂದಿದ್ರು" ಎಂದಳು. "ತಂಗಿ ನೀರಾಗ ಬಿದ್ದಾಗ ಹಿಂದ ನೀವೇ ಇದ್ರಂತಲ್ಲ ಅಂತ ಕೇಳಿದ್ರು. ಗುಡಿ ಮುಂದ ನಿಂತು ಕೇಳಿದ್ರು. ಊರೆಲ್ಲ ನೋಡ್ತು."

"ಅಕ್ಕಾ, ನಾನು ನೆನಪಿಲ್ಲ ಅಂದಿದ್ದೆ."

"ಅದೇನು ಕಮ್ಮಿ ಆತೇನು? ತಳ್ಳ್ಯಾಳ ಅಂದಿದ್ದರ ಸುಳ್ಳು ಅಂತ ಜಗಳಾಡಬಹುದಿತ್ತು. ನೆನಪಿಲ್ಲ ಅಂದರ ಏನ್ ಹೇಳಲಿ?"

ನಾನು ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು. ಚೊಂಬು ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು. ಆಮೇಲೆ ಅವಳೇ ಬಾಯಿ ಬಿಟ್ಟಳು.

"ನೀ ಆ ದಿನ ಮುಂದ ಮುಂದ ಹೋಗ್ತಿದ್ದಿ. ನಾ ಕರದೆ, ತಿರುಗಿ ನೋಡಲಿಲ್ಲ. ಒಂದು ಸಪ್ಪಳ ಇಲ್ಲದ ಕೆಳಗ ಹೋದಿ. ನಾ ಏನ್ ತಿಳೀಬೇಕು? ನನ್ನ ಸಲುವಾಗೇ ಹೋದಳು ಅಂದ್ಕೊಂಡೆ. ಹಿಡದದ್ದು ನಾನು ಅಂತ ಯಾರ ಮುಂದನೂ ಹೇಳ್ಕೊಳ್ಳಲಿಲ್ಲ. ಯಾಕಂದರ ಆ ರಾಯಚೂರಿನವರಿಗೆ ಹೇಳಿದಾಕಿ ನಾನೇ."

ನನ್ನ ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಅಕ್ಕ ಅವಳನ್ನು ನೋಡದೆ ಮುಂದುವರಿಸಿದಳು. ಗಂಡಿನ ತಾಯಿ ಯಾವುದೋ ಮದುವೆಯಲ್ಲಿ ಸಿಕ್ಕು, ನಿಮ್ಮ ಮನೆತನದ ಹುಡುಗಿ ಆರೋಗ್ಯ ಹೇಗೆ ಎಂದು ಕೇಳಿದಳಂತೆ. ಚಳಿಗಾಲದಲ್ಲಿ ಸ್ವಲ್ಪ ದಮ್ಮು ಐತಿ, ಅಂಥಾದ್ದೇನಿಲ್ಲ ಎಂದಳಂತೆ ಇವಳು. "ಸುಳ್ಳು ಹೇಳಬಾರದು ಅಂತ ಹೇಳಿದೆ ಅಂತ ಅವತ್ತು ನನಗ ನಾನೇ ಸಮಾಧಾನ ಮಾಡ್ಕೊಂಡೆ. ಹೇಳುವಾಗ ನನ್ನ ಮಗಳು ನೆನಪಿರಲಿಲ್ಲ ಅಂದರ ಅದೂ ಸುಳ್ಳಾಗ್ತೈತಿ."

ನನ್ನ ಅನುಮಾನ ನಿಜವಾಗಿತ್ತು. ನಿಜವಾದರೂ ಯಾವ ಗೆಲುವೂ ಅನ್ನಿಸಲಿಲ್ಲ. ಸಂಬಂಧ ಕೆಡಿಸಿದವಳೂ ಇವಳೇ, ಈಜು ಬಾರದೆ ಗುಂಡಿಗೆ ಇಳಿದವಳೂ ಇವಳೇ. ಎರಡನ್ನೂ ಒಟ್ಟಿಗೆ ಹೇಗೆ ಹಿಡಿಯಬೇಕೋ ತಿಳಿಯದೆ ನಿಂತೆ. ಮಗಳೇ ಮುಂದೆ ಹೋಗಿ, "ದೊಡ್ಡಮ್ಮಾ, ಕೈ ತೋರಸ್ರಿ" ಎಂದು ಗಾಯ ನೋಡಿದಳು. ಒಡೆದ ಬಳೆಯ ಒಂದು ಗಾಜಿನ ಚೂರು ಇನ್ನೂ ಚರ್ಮದಡಿ ಇತ್ತು. "ಇದನ್ನ ತೆಗೆಸಬೇಕು" ಎಂದಳು. ಅಕ್ಕ ಆಗ ಅತ್ತಳು.

ಭಾವ ಗುಡಿಯಿಂದ ಬಂದ ಮೇಲೆ ನಾನು ಗುಂಡಿಯ ಮಾತು ಎತ್ತಿದೆ. ಅವರು ಅಲ್ಲಗಳೆಯಲಿಲ್ಲ. "ಹೇಳಿದ್ದು ಖರೆ. ನಲವತ್ತು ವರ್ಷದಿಂದ ಇಳಿಯೋ ಜಾಗ. ಆಕಿಗೇನು ಗೊತ್ತು ಅಂದ್ಕೊಂಡೆ. ಬಲಿ ಹಾಕಿದ ಜಾಗ ನಾವು ಕೆಡಸ್ತೀವಿ ಅಂತ ಓಡಿಸ್ತಾಳ ಅಂತ ಅನುಮಾನ ಬಂತು" ಎಂದರು. ಊಟಕ್ಕೆ ಕೂತಿದ್ದ ಅವರು ಉಣ್ಣದೆ ಎದ್ದುಬಿಟ್ಟರು.

ಮರುವಾರ ನಾನೂ ಅಕ್ಕನೂ ಕೂಡಿ ಠಾಣೆಗೆ ಹೋದೆವು. ಮೊದಲಿನ ಹೇಳಿಕೆ ತಿದ್ದಬೇಕು, ಕಾಲು ಗುಂಡಿಗೆ ಹೋಯಿತು, ಇವರು ನನ್ನನ್ನು ಹಿಡಿದು ಉಳಿಸಿದರು ಎಂದು ಹೇಳಿದೆ. ಅದೇ ಕಾನ್‌ಸ್ಟೇಬಲ್. ನಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ನೋಡಿ ಅವಳ ಕಣ್ಣು ಸಣ್ಣಗಾಯಿತು.

"ರಾಜಿ ಆಯಿತಾ ಮೇಡಂ?" ಎಂದಳು.

"ರಾಜಿ ಏನೂ ಇಲ್ಲಮ್ಮ, ಇದೇ ನಡೆದದ್ದು" ಎಂದೆ. ಬರೆದುಕೊಂಡಳು. ನಂಬಿದ ಹಾಗೆ ಕಾಣಲಿಲ್ಲ. ಅವಳು ನಂಬಲಿಲ್ಲ ಎಂದು ನನಗೆ ಸಿಟ್ಟು ಬರಲಿಲ್ಲ.

ಈಗ ಆ ಜಾಗದಲ್ಲಿ ನೀರೊಳಗೆ ಆರು ಗಳ ನೆಟ್ಟಿದ್ದಾರೆ, ತುದಿಗೆ ಕೆಂಪು ಬಟ್ಟೆ. ಭಾವನೂ ಬಲೆಯ ಹೆಂಗಸೂ ನಿಂತು ನೆಡಿಸಿದ್ದು. ಹೊಳೆಗೆ ಪ್ರವಾಹ ಬಂದಾಗ ಕಿತ್ತು ಹೋಗುತ್ತವೆ, ಇಳಿದ ಮೇಲೆ ಮತ್ತೆ ಆಳ ನೋಡಿ ನೆಡಬೇಕು, ಯಾಕೆಂದರೆ ಗುಂಡಿ ಒಂದೇ ಕಡೆ ಇರುವುದಿಲ್ಲ. ದಂಡೆಯ ಜಾಲಿಗಿಡಕ್ಕೆ ಒಂದು ಉದ್ದ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿಟ್ಟಿದ್ದಾರೆ. ಯಾರಾದರೂ ಮುಳುಗಿದರೆ ಹಾರಬಾರದು, ಅದನ್ನು ಎಸೆಯಬೇಕು. ಎರಡು ಸಲ ಯಾರೋ ಕ್ಯಾನು ಬಿಚ್ಚಿಕೊಂಡು ಹೋದರು. ಅವಳು ಬೈದು ಮತ್ತೆ ಕಟ್ಟಿದಳು.

ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇನೆ. ನಮ್ಮ ಮಕ್ಕಳಿಗೆ ಕಾಲುವೆ, ಹೊಂಡ, ಸಂಪು ಎಲ್ಲ ಹತ್ತಿರ. ನೀರಿನಲ್ಲಿದ್ದವರು ಗದ್ದಲ ಮಾಡುತ್ತಿದ್ದರೆ ಅಷ್ಟು ಭಯವಿಲ್ಲ, ಸುಮ್ಮನಾದರೆ ಅನುಮಾನಪಡಿ ಎನ್ನುತ್ತೇನೆ. ಎತ್ತಿದ ಮೇಲೆ ಹೊಟ್ಟೆ ಒತ್ತಬೇಡಿ, ಉಸಿರು ನೋಡಿ, ಎದ್ದು ನಕ್ಕರೂ ಡಾಕ್ಟರ ಹತ್ತಿರ ಒಯ್ಯಿರಿ ಎನ್ನುತ್ತೇನೆ. ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ. ಆ ಟೀಚರು ಹೊಳೆಗೆ ಹಾರಿದ್ದಳಲ್ಲ, ಅದಕ್ಕೆ ಹೇಳುತ್ತಾಳೆ ಎಂದು ಒಬ್ಬ ತಾಯಿ ಅಂದದ್ದು ನನ್ನ ಕಿವಿಗೆ ಬಿದ್ದಿದೆ. ಊರಿಗೆ ನಾನು ಹಾರಿದವಳೇ.

ಆ ರಾಯಚೂರಿನ ಸಂಬಂಧ ಅಕ್ಕನ ಮಗಳಿಗೂ ಆಗಲಿಲ್ಲ. ಜಾತಕ ವಾಪಸು ತರಿಸಿಕೊಂಡಳು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೂರು ತಿಂಗಳ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆಸಲು ಡಾಕ್ಟರು ಹೇಳಿದ್ದರು. ಅಕ್ಕ ತಾನಾಗಿಯೇ ನಂದವರಂನಿಂದ ಬಂದು ನನ್ನ ಜೊತೆ ಆಸ್ಪತ್ರೆಯಲ್ಲಿ ಕೂತಳು. ಎದೆ ಪೂರ್ತಿ ತಿಳಿಯಾಗಿದೆ ಎಂದರು ಡಾಕ್ಟರು. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲು ಕುಡಿದೆವು. ಲೋಟ ತಿರುಗಿಸುತ್ತ ಅಕ್ಕ ಅತ್ತ ಇತ್ತ ನೋಡಿ, ದನಿ ಇಳಿಸಿ ಕೇಳಿದಳು:

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಖರೇನೇ ಗೊತ್ತಿಲ್ಲದ ಕಾಲಿಟ್ಟಿದ್ದೇನು?"

"ಹೌದಕ್ಕಾ" ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಆತು" ಎಂದು ಲೋಟ ಕೊಟ್ಟು, ಎಮ್ಮಿಗನೂರು ಬಸ್ಸು ಬಂತೇನೋ ನೋಡುತ್ತ ರಸ್ತೆ ದಾಟಿದಳು.